ಐಡ್ಲಿಂಗ್‌ನಲ್ಲಿ ಕಾರು ನಡುಗುತ್ತಿದೆಯೇ? ಏರ್ ಲೀಕ್ ಹುಡುಕುವ ಪೂರ್ತಿ ವಿಧಾನ

ಸಿಗ್ನಲ್‌ನಲ್ಲಿ ನಿಂತಾಗ ಸ್ಟೀರಿಂಗ್ ನಡುಗುತ್ತದೆ. ಇಂಜಿನ್ ತಿರುಗುವ ವೇಗ ತೋರಿಸುವ ಆರ್‌ಪಿಎಂ ಮುಳ್ಳು ಒಂದು ಕಡೆ ನಿಲ್ಲುವುದಿಲ್ಲ. ಗಾಡಿ ಓಡತೊಡಗಿದರೆ ಮಾತ್ರ ಎಲ್ಲ ಸರಿ ಇದ್ದಂತೆ ಅನಿಸುತ್ತದೆ. ಈ ತೊಂದರೆ ಹೇಳಿಕೊಂಡು ಗ್ಯಾರೇಜಿಗೆ ಹೋದರೆ ಸಾಮಾನ್ಯವಾಗಿ ಏನಾಗುತ್ತದೆ ಗೊತ್ತಲ್ವಾ? ಮೊದಲು ಪ್ಲಗ್ ಬದಲಾಗುತ್ತದೆ, ಆಮೇಲೆ ಥ್ರಾಟಲ್ ಬಾಡಿ ಕ್ಲೀನ್ ಆಗುತ್ತದೆ, ನಂತರ ಯಾವುದೋ ಸೆನ್ಸರ್. ಬಿಲ್ ಏರುತ್ತಲೇ ಹೋಗುತ್ತದೆ, ನಡುಕ ಹಾಗೇ ಇರುತ್ತದೆ. ಕೊನೆಗೆ ನೋಡಿದರೆ ಬಿರುಕು ಬಿಟ್ಟ ಒಂದು ಸಣ್ಣ ರಬ್ಬರ್ ಪೈಪ್.

ಹಾಗಾಗಿ ಈ ಲೇಖನದ ಉದ್ದಕ್ಕೂ ನನ್ನದು ಒಂದೇ ಹಟ: ಅಳೆದು ನೋಡದೆ ಯಾವ ಪಾರ್ಟನ್ನೂ ಬದಲಿಸಬೇಡಿ. ಇಲ್ಲಿರುವುದೆಲ್ಲ ಪೆಟ್ರೋಲ್ ಮತ್ತು ಪೆಟ್ರೋಲ್–ಸಿಎನ್‌ಜಿ ಕಾರುಗಳಿಗೆ. ಡೀಸೆಲ್ ಇಂಜಿನ್ ಗಾಳಿ ಎಳೆಯುವ ರೀತಿಯೇ ಬೇರೆ. ಅಲ್ಲಿ ಬ್ರೇಕಿಗೆ ಬೇಕಾದ ವ್ಯಾಕ್ಯೂಮ್ ಕೊಡಲು ಪ್ರತ್ಯೇಕ ಪಂಪ್ ಇರುತ್ತದೆ. ಇಲ್ಲಿನ ಲೆಕ್ಕಗಳು ಅದಕ್ಕೆ ಹೊಂದುವುದಿಲ್ಲ.

ನಿಂತಾಗ ಮಾತ್ರ ಯಾಕೆ?

ಪೆಟ್ರೋಲ್ ಇಂಜಿನ್‌ಗೆ ಗಾಳಿ ಹೋಗುವುದು ಥ್ರಾಟಲ್ ಬಾಡಿಯ ಮೂಲಕ. ಅದು ಗಾಳಿಗಿರುವ ಬಾಗಿಲು. ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಸುಮ್ಮನೆ ಓಡುತ್ತಿರುವಾಗ, ಆ ಬಾಗಿಲು ಬಹುತೇಕ ಮುಚ್ಚಿರುತ್ತದೆ. ಪಿಸ್ಟನ್‌ಗಳು ಗಾಳಿ ಎಳೆಯುತ್ತಲೇ ಇರುತ್ತವೆ, ಸಾಕಷ್ಟು ಸಿಗುವುದಿಲ್ಲ. ಇದರಿಂದ ಇನ್‌ಟೇಕ್ ಮ್ಯಾನಿಫೋಲ್ಡ್, ಅಂದರೆ ಥ್ರಾಟಲ್‌ನಿಂದ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆಗಳ ಒಳಗೆ, ಒತ್ತಡ ಇಳಿಯುತ್ತದೆ. ವ್ಯಾಕ್ಯೂಮ್ ಅನ್ನುವುದು ಇದನ್ನೇ.

ಈಗ ಥ್ರಾಟಲ್ ಆದ ಮೇಲಿನ ಜಾಗದಲ್ಲಿ ಎಲ್ಲೋ ಒಂದು ತೂತಿದೆ ಅಂದುಕೊಳ್ಳಿ. ಎಳನೀರಿನ ಸ್ಟ್ರಾ ನಡುವೆ ಸೀಳಿದ್ದರೆ ನೀರಿನ ಜೊತೆ ಗಾಳಿಯೂ ಬಾಯಿಗೆ ಬರುವ ಹಾಗೆ, ಇಂಜಿನ್ ಆ ತೂತಿನಿಂದಲೂ ಗಾಳಿ ಎಳೆದುಕೊಳ್ಳುತ್ತದೆ. ಪೆಟ್ರೋಲ್ ಪೂರ್ತಿ ಉರಿಯಲು ತೂಕದ ಲೆಕ್ಕದಲ್ಲಿ 1 ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಎಥನಾಲ್ ಬೆರೆಸಿದ ಪೆಟ್ರೋಲಿಗೆ ಇದಕ್ಕಿಂತ ಸ್ವಲ್ಪ ಕಡಿಮೆ ಸಾಕು. ಲೆಕ್ಕಕ್ಕೆ ಸಿಗದ ಗಾಳಿ ಸೇರಿದರೆ ಮಿಶ್ರಣ ತೆಳುವಾಗುತ್ತದೆ, ಅಂದರೆ ಲೀನ್ ಆಗುತ್ತದೆ. ಕೆಲವು ಸಲ ಕಿಡಿ ಬಿದ್ದರೂ ಹೊತ್ತಿಕೊಳ್ಳುವುದಿಲ್ಲ. ಆಗ ಗಾಡಿ ಮಿಸ್ಸಿಂಗ್ ಹೊಡೆಯುತ್ತದೆ.

ಐಡ್ಲಿಂಗ್‌ನಲ್ಲಿ ಇಂಜಿನ್ ಎಳೆಯುವ ಒಟ್ಟು ಗಾಳಿಯೇ ಕಡಿಮೆ. ಹಾಗಾಗಿ ಸಣ್ಣ ತೂತಿನ ಪಾಲೂ ದೊಡ್ಡದಾಗುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಥ್ರಾಟಲ್‌ನಿಂದಲೇ ಗಾಳಿ ಧಾರಾಳವಾಗಿ ಬರುತ್ತದೆ. ತೂತು ಅಷ್ಟೇ ಇದ್ದರೂ ಅದರ ಪಾಲು ಲೆಕ್ಕಕ್ಕೇ ಬರುವುದಿಲ್ಲ. ಇದೊಂದು ಮನಸ್ಸಿನಲ್ಲಿರಲಿ. ಮುಂದಿನ ಅರ್ಧ ಪತ್ತೇದಾರಿಕೆ ಇದರ ಮೇಲೇ ನಿಂತಿದೆ.

ಶುರು ಮಾಡುವ ಮುನ್ನ

ಕೆಲಸ ಬಯಲಿನಲ್ಲೇ ಮಾಡಿ. ಅಪಾರ್ಟ್‌ಮೆಂಟ್‌ನ ಬೇಸ್‌ಮೆಂಟ್ ಅಥವಾ ಬಾಗಿಲು ಹಾಕಿದ ಶೆಡ್‌ನಲ್ಲಿ ಇಂಜಿನ್ ಓಡಿಸುತ್ತ ನಿಲ್ಲಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಜೀವ ತೆಗೆಯುತ್ತದೆ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಆಟೋಮ್ಯಾಟಿಕ್ ಆದರೆ ಪಾರ್ಕಿಂಗ್‌ನಲ್ಲಿರಲಿ. ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಪಂಚೆ, ದುಪಟ್ಟಾ, ಸಡಿಲ ತೋಳು, ಬಳೆ, ಕತ್ತಿನ ಸರ ಯಾವುದೂ ಬೇಡ. ಬೆಲ್ಟ್ ತಿರುಗುತ್ತಿರುತ್ತದೆ. ರೇಡಿಯೇಟರ್ ಫ್ಯಾನ್ ಯಾವ ಕ್ಷಣದಲ್ಲಾದರೂ ತಾನಾಗಿ ಶುರುವಾಗುತ್ತದೆ.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಟಾರ್ಚ್, ಒಂದು ಮೀಟರ್ ಉದ್ದದ ರಬ್ಬರ್ ಪೈಪ್, ನೀರು ಸಿಂಪಡಿಸುವ ಸ್ಪ್ರೇ ಬಾಟಲಿ, ಪ್ಲೈಯರ್, ಬಟ್ಟೆ, ಮತ್ತೆ ಕಾರಿನ ಕಂಪ್ಯೂಟರ್‌ನಲ್ಲಿರುವ ಮಾಹಿತಿ ಓದಲು ಮೊಬೈಲಿಗೆ ಬ್ಲೂಟೂತ್‌ನಲ್ಲಿ ಜೋಡಿಸುವ ಓಬಿಡಿ ಸ್ಕ್ಯಾನರ್. 2013ರ ನಂತರದ ಕಾರುಗಳಲ್ಲಿ ಸ್ಟೀರಿಂಗ್ ಕೆಳಗೆ ಇದನ್ನು ಚುಚ್ಚಲು 16 ಪಿನ್‌ನ ಜಾಗ ಸಿಗುತ್ತದೆ. ಒಂದು ಸಲದ ಅನಗತ್ಯ ರಿಪೇರಿ ತಪ್ಪಿದರೂ ಸ್ಕ್ಯಾನರ್‌ನ ದುಡ್ಡು ವಾಪಸ್ ಬಂದ ಹಾಗೆ.

ಹಂತ 1: ನಡುಕ ಯಾವ ಬಗೆಯದ್ದು?

ಬಾನೆಟ್ ಎತ್ತುವ ಮುಂಚೆ ಡ್ರೈವರ್ ಸೀಟಿನಲ್ಲಿ ಕೂತು ಆರ್‌ಪಿಎಂ ಮುಳ್ಳು ನೋಡಿ. ಇಂಜಿನ್ ಬಿಸಿಯಾದ ಮೇಲೆ ಹೆಚ್ಚಿನ ಕಾರುಗಳಲ್ಲಿ ಅದು 700ರಿಂದ 850ರ ನಡುವೆ ಅಲುಗಾಡದೆ ನಿಲ್ಲಬೇಕು. ಎಸಿ ಹಾಕಿದರೆ ಸ್ವಲ್ಪ ಏರಬಹುದು.

ಮುಳ್ಳು ನೆಟ್ಟಗೆ ನಿಂತಿದೆ, ಕಾರು ಮಾತ್ರ ನಡುಗುತ್ತಿದೆ ಅಂದರೆ ಮೊದಲ ಅನುಮಾನ ಇಂಜಿನ್ ಕೂರಿಸಿರುವ ರಬ್ಬರ್ ಆಧಾರದ ಮೇಲೆ, ಅಂದರೆ ಇಂಜಿನ್ ಮೌಂಟಿಂಗ್ ಮೇಲೆ. ರಬ್ಬರ್ ಹರಿದ ಮೌಂಟಿಂಗ್‌ಗೆ ಯಾವ ಸ್ಕ್ಯಾನರ್ ಕೂಡ ಕೋಡ್ ತೋರಿಸುವುದಿಲ್ಲ. ಮುಳ್ಳು 1200ರ ಆಸುಪಾಸು ನಿಂತು ಇಳಿಯುತ್ತಲೇ ಇಲ್ಲ, ಅಥವಾ ಒಂದೇ ಲಯದಲ್ಲಿ ಏರಿ ಇಳಿಯುತ್ತಿದೆ ಅಂದರೆ ಏರ್ ಲೀಕ್ ಸಾಧ್ಯತೆ ಬಲವಾಗಿದೆ. 600ಕ್ಕಿಂತ ಕೆಳಗಿಳಿದು, ಎಸಿ ಹಾಕಿದ ಕೂಡಲೇ ಆಫ್ ಆದರೆ ಅದು ಹೆಚ್ಚಾಗಿ ಮಸಿ ಕಟ್ಟಿದ ಥ್ರಾಟಲ್ ಬಾಡಿ. ಲೀಕ್ ಇದ್ದರೆ ಗಾಳಿ ಜಾಸ್ತಿ, ಮಸಿ ಕಟ್ಟಿದ್ದರೆ ಗಾಳಿ ಕಡಿಮೆ. ಎರಡೂ ಒಂದಕ್ಕೊಂದು ತದ್ವಿರುದ್ಧ. ಎರಡಕ್ಕೂ ಒಂದೇ ಔಷಧಿ ಅಂತ ಥ್ರಾಟಲ್ ಕ್ಲೀನಿಂಗ್ ಮಾಡುವುದು ಅದಕ್ಕೇ ಸರಿಯಲ್ಲ.

ತಾಳತಪ್ಪಿ ಒಮ್ಮೊಮ್ಮೆ ಮಾತ್ರ ಜರ್ಕ್ ಬಂದರೆ ಪ್ಲಗ್, ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲ್ ಅಥವಾ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಕೂಡ ಕಾರಣ ಇರಬಹುದು. ಇದನ್ನು ಕೊನೆಯಲ್ಲಿ ನೋಡೋಣ.

ಇನ್ನೊಂದು ಗಮನಿಸಿ. ಬೆಳಿಗ್ಗೆ ಮೊದಲ ಸ್ಟಾರ್ಟ್‌ನಲ್ಲಿ ನಡುಕ ಜಾಸ್ತಿ ಇದ್ದು, ಬಿಸಿಯಾದ ಮೇಲೆ ಕಡಿಮೆಯಾಗುತ್ತದೆಯೇ? ಜೋಡಣೆಗಳ ನಡುವೆ ಗಾಳಿ ತಡೆಯುವ ಗ್ಯಾಸ್ಕೆಟ್ ಗಟ್ಟಿಯಾಗಿದ್ದರೆ ತಂಪಿನಲ್ಲಿ ಕುಗ್ಗಿ ಗಾಳಿಗೆ ದಾರಿ ಬಿಡುತ್ತದೆ, ಬಿಸಿಗೆ ಹಿಗ್ಗಿ ಮುಚ್ಚಿಕೊಳ್ಳುತ್ತದೆ. ಇಂಥ ಲೀಕನ್ನು ಮಧ್ಯಾಹ್ನ ಗ್ಯಾರೇಜಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಗಾಡಿಯನ್ನು ಹಿಂದಿನ ರಾತ್ರಿಯೇ ಅಲ್ಲಿ ಬಿಟ್ಟು ಬನ್ನಿ.

ಹಂತ 2: ಸ್ಕ್ಯಾನರ್‌ನಲ್ಲಿ ಏನು ಓದಬೇಕು

ಚೆಕ್ ಇಂಜಿನ್ ಲೈಟ್ ಉರಿಯುತ್ತಿದ್ದರೆ ಕೋಡ್ ಬರೆದಿಟ್ಟುಕೊಳ್ಳಿ. ಅಳಿಸಬೇಡಿ. ಪಿ0171 ಅಂದರೆ ಮಿಶ್ರಣ ಲೀನ್ ಆಗಿದೆ. ಪಿ0300 ಅಂದರೆ ಯಾವ ಸಿಲಿಂಡರ್ ಅಂತ ಹೇಳಲಾಗದ ಮಿಸ್‌ಫೈರ್, ಅಂದರೆ ಮಿಸ್ಸಿಂಗ್. ಪಿ0301ರಿಂದ ಪಿ0304ರವರೆಗೆ ಕೊನೆಯ ಅಂಕಿಯೇ ಸಿಲಿಂಡರ್ ನಂಬರ್. ಪಿ0507 ಅಂದರೆ ಐಡ್ಲಿಂಗ್ ಇರಬೇಕಾದ್ದಕ್ಕಿಂತ ಜಾಸ್ತಿ, ಪಿ0506 ಅಂದರೆ ಕಡಿಮೆ. ಕೋಡ್ ಹೇಳುವುದು ರೋಗದ ಲಕ್ಷಣ ಮಾತ್ರ. ಪಿ0171 ಬಂತು ಅಂತ ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವುದು) ಬದಲಿಸುವವರಿದ್ದಾರೆ. ಪಾಪ, ಆ ಸೆನ್ಸರ್ ತನ್ನ ಕೆಲಸ ಸರಿಯಾಗಿ ಮಾಡಿದ್ದರಿಂದಲೇ ಆ ಕೋಡ್ ಬಂದಿರುತ್ತದೆ.

ಈಗ ಲೈವ್ ಡೇಟಾ. ಇದಕ್ಕೆ ಇಂಜಿನ್ ಪೂರ್ತಿ ಬಿಸಿಯಾಗಿರಬೇಕು. ತಂಪಿದ್ದಾಗ ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಆಕ್ಸಿಜನ್ ಸೆನ್ಸರ್ ಮಾತು ಕೇಳುವುದೇ ಇಲ್ಲ. ಶಾರ್ಟ್ ಟರ್ಮ್ ಮತ್ತು ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ ಎರಡನ್ನೂ ತೆರೆಯಿರಿ. ಇಸಿಯು ತನ್ನ ಲೆಕ್ಕಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಪೆಟ್ರೋಲ್ ಕೊಡುತ್ತಿದೆ ಅನ್ನುವುದನ್ನು ಇವು ಶೇಕಡಾ ಲೆಕ್ಕದಲ್ಲಿ ತೋರಿಸುತ್ತವೆ. ಎರಡನ್ನೂ ಕೂಡಿಸಿ. ಮೊತ್ತ ಹತ್ತರೊಳಗೆ, ಪ್ಲಸ್ ಆಗಲಿ ಮೈನಸ್ ಆಗಲಿ, ಇದ್ದರೆ ಚಿಂತೆಯಿಲ್ಲ.

ಮೊದಲು ಐಡ್ಲಿಂಗ್‌ನಲ್ಲಿ ಬರೆದುಕೊಳ್ಳಿ. ಆಮೇಲೆ 2500 ಆರ್‌ಪಿಎಂಗೆ ಏರಿಸಿ, ಅರ್ಧ ನಿಮಿಷ ಅಲ್ಲೇ ಹಿಡಿದು ಮತ್ತೆ ಬರೆದುಕೊಳ್ಳಿ. ಐಡ್ಲಿಂಗ್‌ನಲ್ಲಿ ಪ್ಲಸ್ 20 ಇದ್ದದ್ದು 2500ರಲ್ಲಿ ಪ್ಲಸ್ 4ಕ್ಕೆ ಇಳಿದರೆ ಏರ್ ಲೀಕ್ ಇದೆ ಅಂತ ಧೈರ್ಯವಾಗಿ ಮುಂದುವರಿಯಿರಿ. ಎರಡೂ ಕಡೆ ಜಾಸ್ತಿಯೇ ಇದ್ದರೆ, ಅಥವಾ ರೇಸ್ ಮಾಡಿದಷ್ಟೂ ಏರಿದರೆ, ಏರ್ ಲೀಕ್ ಬಿಟ್ಟು ಬೇರೆ ಕಡೆ ನೋಡಿ: ದುರ್ಬಲ ಪೆಟ್ರೋಲ್ ಪಂಪ್, ಕಟ್ಟಿದ ಪೆಟ್ರೋಲ್ ಫಿಲ್ಟರ್, ಇಲ್ಲವೇ ಕೊಳೆಯಾದ ಏರ್ ಫ್ಲೋ ಸೆನ್ಸರ್. ಸೈಲೆನ್ಸರ್ ಪೈಪ್ ಆಕ್ಸಿಜನ್ ಸೆನ್ಸರ್‌ಗಿಂತ ಮುಂಚೆ ಬಿರುಕು ಬಿಟ್ಟಿದ್ದರೂ ಹೊರಗಿನ ಗಾಳಿ ಒಳಗೆ ಸೇರಿ ಸುಳ್ಳು ಲೀನ್ ತೋರಿಸುತ್ತದೆ. ಅಲ್ಲಿ ಟಕ್ ಟಕ್ ಸದ್ದು ಬರುತ್ತಿದೆಯೇ ಕೇಳಿ.

ನಿಮ್ಮ ಕಾರಿನಲ್ಲಿ ಮ್ಯಾಫ್ ಇದೆಯೋ ಮ್ಯಾಪ್ ಇದೆಯೋ?

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ರಸ್ತೆಯ ಕಾರುಗಳ ಮಟ್ಟಿಗೆ ಇದು ತುಂಬ ಮುಖ್ಯ. ಮೇಲೆ ಹೇಳಿದ 2500ರ ಪರೀಕ್ಷೆ ಮ್ಯಾಫ್ ಸೆನ್ಸರ್ ಇರುವ ಕಾರುಗಳಲ್ಲಿ ಚೆನ್ನಾಗಿ ನಡೆಯುತ್ತದೆ. ಮ್ಯಾಫ್ ಏರ್ ಫಿಲ್ಟರ್ ಆದ ಕೂಡಲೇ ಪೈಪ್‌ನಲ್ಲಿ ಕೂತಿರುತ್ತದೆ, ಒಳಗೆ ಹೋಗುವ ಗಾಳಿಯನ್ನು ನೇರವಾಗಿ ಅಳೆಯುತ್ತದೆ. ಅದರಾಚೆಗೆ ನುಸುಳಿದ ಗಾಳಿ ಅದಕ್ಕೆ ಗೊತ್ತೇ ಆಗುವುದಿಲ್ಲ.

ಮಾರುತಿಯ ಕೆ-ಸರಣಿ ಇಂಜಿನ್‌ನಂಥ ಎಷ್ಟೋ ಸಣ್ಣ ಇಂಜಿನ್‌ಗಳಲ್ಲಿ ಇರುವುದು ಮ್ಯಾಪ್ ಸೆನ್ಸರ್. ಇದು ಮ್ಯಾನಿಫೋಲ್ಡ್ ಮೇಲೇ ಕೂತು ಒಳಗಿನ ಒತ್ತಡ ಅಳೆಯುತ್ತದೆ. ತೂತಿನಿಂದ ಗಾಳಿ ಬಂದರೆ ಒತ್ತಡ ಏರುತ್ತದೆ. ಇಸಿಯು ಅದನ್ನು ನೋಡಿ ಪೆಟ್ರೋಲನ್ನೂ ಜಾಸ್ತಿ ಕೊಡುತ್ತದೆ. ಮಿಶ್ರಣ ಸರಿಯಾಗೇ ಇರುತ್ತದೆ, ಫ್ಯುಯೆಲ್ ಟ್ರಿಮ್ ಕೂಡ ಸರಿ ಕಾಣುತ್ತದೆ. ಐಡ್ಲಿಂಗ್ ಮಾತ್ರ ಏರುತ್ತದೆ. ಇಸಿಯು ಥ್ರಾಟಲನ್ನು ಇನ್ನಷ್ಟು ಮುಚ್ಚಿ ಅದನ್ನು ಇಳಿಸಲು ನೋಡುತ್ತದೆ. ಮುಚ್ಚಲು ಇನ್ನು ಜಾಗವಿಲ್ಲ ಅಂದಾಗ ಪಿ0507 ಬರುತ್ತದೆ. ಟ್ರಿಮ್ ಸರಿ ಇದೆ, ಹಾಗಾಗಿ ಲೀಕ್ ಇಲ್ಲ ಅನ್ನುವ ತೀರ್ಮಾನ ಈ ಕಾರುಗಳಲ್ಲಿ ದಾರಿ ತಪ್ಪಿಸುತ್ತದೆ.

ಮ್ಯಾಪ್ ಕಾರಿನಲ್ಲಿ ನೋಡಬೇಕಾದ್ದು ಮ್ಯಾನಿಫೋಲ್ಡ್ ಒತ್ತಡ. ಮೊದಲು ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಆಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಮಂಗಳೂರಿನಲ್ಲಿ ಸುಮಾರು 101 ಕಿಲೊಪಾಸ್ಕಲ್, ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 91. ಈಗ ಸ್ಟಾರ್ಟ್ ಮಾಡಿ. ಬಿಸಿ ಇಂಜಿನ್, ಎಸಿ ಆಫ್, ಲೈಟ್ ಆಫ್ ಇದ್ದಾಗ ಸಾಮಾನ್ಯವಾಗಿ 28ರಿಂದ 40ರ ಒಳಗೆ ಇರುತ್ತದೆ. 50ರ ಹತ್ತಿರ ನಿಂತಿದ್ದು, ಐಡ್ಲಿಂಗ್ ಕೂಡ ಏರಿದ್ದರೆ ಗಾಳಿ ನುಗ್ಗುತ್ತಿದೆ.

ಹಳೇ ಕಾಲದ ವ್ಯಾಕ್ಯೂಮ್ ಗೇಜ್ ಇದ್ದರೆ ಇನ್ನೂ ಒಳ್ಳೆಯದು. ಪುಸ್ತಕಗಳಲ್ಲಿ 17ರಿಂದ 21 ಇಂಚು (ಪಾದರಸದ ಲೆಕ್ಕ) ಅಂತ ಬರೆದಿರುವುದು ಸಮುದ್ರಮಟ್ಟದ ಲೆಕ್ಕ. ಪ್ರತಿ ಸಾವಿರ ಅಡಿಗೆ ಸುಮಾರು ಒಂದು ಇಂಚು ಕಳೆಯಬೇಕು. ಬೆಂಗಳೂರಿನಲ್ಲಿ 15 ಇಂಚು ಬಂತು ಅಂತ ಗಾಬರಿ ಬೇಡ, ಅದು ಆರೋಗ್ಯವಂತ ಇಂಜಿನ್‌ನದೇ ಇರಬಹುದು. ಮುಳ್ಳು ಅಲುಗಾಡದೆ ತೀರ ಕೆಳಗೆ ನಿಂತಿದ್ದರೆ ಲೀಕ್ ಅನುಮಾನ. ಒಂದೇ ಲಯದಲ್ಲಿ ಪಟಕ್ ಅಂತ ಬೀಳುತ್ತಿದ್ದರೆ ಒಂದು ವಾಲ್ವ್ ಅಥವಾ ಒಂದು ಸಿಲಿಂಡರ್‌ನ ತೊಂದರೆ.

ಹಂತ 3: ಕಣ್ಣು, ಕೈ, ಕಿವಿ

ಲೀಕ್ ಇದೆ ಅಂತ ಗೊತ್ತಾಯಿತು. ಎಲ್ಲಿ? ಇಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಥ್ರಾಟಲ್‌ನಿಂದ ಶುರುಮಾಡಿ ಒಂದೊಂದೇ ಪೈಪನ್ನು ಕೈಯಲ್ಲಿ ಬಾಗಿಸಿ ನೋಡಿ. ರಬ್ಬರ್ ಸೀಳುವುದು ಹೆಚ್ಚಾಗಿ ತುದಿಯಲ್ಲಿ, ಕ್ಲಿಪ್ ಕೆಳಗೆ, ಅಥವಾ ಬಗ್ಗಿದ ಕಡೆ ಹೊಟ್ಟೆಯ ಭಾಗದಲ್ಲಿ. ಮೇಲಿನಿಂದ ನೋಡಿದರೆ ಕಾಣುವುದೇ ಇಲ್ಲ.

ಇಲಿ ಕಡಿದ ಗುರುತು ಹುಡುಕಿ. ತೋಟದ ಮನೆ, ಖಾಲಿ ಸೈಟಿನ ಪಕ್ಕ, ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಗಾಡಿ ಆದರೆ ಇದನ್ನು ಮೊದಲು ನೋಡಬೇಕು. ಹಿಕ್ಕೆ, ಒಣ ಎಲೆ, ಬಟ್ಟೆ ಚೂರು ಸಿಕ್ಕರೆ ವೈರಿಂಗನ್ನೂ ಪರೀಕ್ಷಿಸಿ.

ಆಮೇಲೆ ಇಂಜಿನ್ ಓಡಿಸಿ, ರಬ್ಬರ್ ಪೈಪಿನ ಒಂದು ತುದಿ ಕಿವಿಗಿಟ್ಟು, ಇನ್ನೊಂದು ತುದಿಯನ್ನು ಬೆಲ್ಟ್ ಮತ್ತು ಫ್ಯಾನ್‌ನಿಂದ ದೂರ ಇಟ್ಟುಕೊಂಡು ಜೋಡಣೆಗಳ ಬಳಿ ಆಡಿಸಿ. ಲೀಕ್ ಇರುವ ಕಡೆ ಸುಸ್ಸ್ ಅನ್ನುವ ಸದ್ದು ಥಟ್ಟನೆ ಜೋರಾಗುತ್ತದೆ. ಬಟ್ಟೆ ಸುತ್ತಿದ ಪ್ಲೈಯರ್‌ನಿಂದ ಒಂದೊಂದೇ ವ್ಯಾಕ್ಯೂಮ್ ಪೈಪನ್ನು ಮೆತ್ತಗೆ ಹಿಸುಕಿ. ಯಾವುದನ್ನು ಹಿಸುಕಿದಾಗ ಇಂಜಿನ್ ಸದ್ದು ಬದಲಾಗುತ್ತದೋ ಆ ಸಾಲಿನಲ್ಲಿ ತಪ್ಪಿದೆ. ಪ್ಲಾಸ್ಟಿಕ್ ಪೈಪ್ ಆದರೆ ಹಿಸುಕಬೇಡಿ, ಮುರಿಯುತ್ತದೆ.

ಕೆಲವು ಜಾಗಗಳಿಗೆ ಬೇರೆಯದೇ ಪರೀಕ್ಷೆ ಇದೆ.

ಬ್ರೇಕ್ ಬೂಸ್ಟರ್: ವ್ಯಾಕ್ಯೂಮ್ ಬಳಸಿ ಬ್ರೇಕ್ ಪೆಡಲನ್ನು ಹಗುರ ಮಾಡುವ ಭಾಗ ಇದು. ಇಂಜಿನ್ ಆಫ್ ಇದ್ದಾಗ ಪೆಡಲನ್ನು ನಾಲ್ಕೈದು ಸಲ ತುಳಿಯಿರಿ, ಗಟ್ಟಿಯಾಗುತ್ತದೆ. ಒತ್ತಿಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ, ಅಥವಾ ಪೆಡಲ್ ಬುಡದಲ್ಲಿ ಗಾಳಿಯ ಸದ್ದು ಬಂದರೆ, ಬೂಸ್ಟರ್ ಇಲ್ಲವೇ ಅದರ ಪೈಪ್ ಕೆಟ್ಟಿದೆ. ಇದು ಐಡ್ಲಿಂಗ್ ವಿಷಯ ಮಾತ್ರ ಅಲ್ಲ, ಬ್ರೇಕ್ ವಿಷಯ. ಆ ಗಾಡಿಯನ್ನು ರಸ್ತೆಗೆ ತೆಗೆಯಬೇಡಿ.

ಪಿಸಿವಿ ವಾಲ್ವ್: ಇಂಜಿನ್‌ನ ಆಯಿಲ್ ಭಾಗದ ಆವಿಯನ್ನು ಮ್ಯಾನಿಫೋಲ್ಡ್‌ಗೆ ಬಿಡುವ ವಾಲ್ವ್ ಇದು. ಬಿಚ್ಚಿ ಅಲುಗಾಡಿಸಿದರೆ ಸಾಮಾನ್ಯ ವಾಲ್ವ್ ಒಳಗೆ ಟಿಕ್ ಟಿಕ್ ಅನ್ನಬೇಕು. ಸದ್ದಿಲ್ಲದಿದ್ದರೆ ಜಿಡ್ಡಿನಲ್ಲಿ ಅಂಟಿಕೊಂಡಿದೆ. ಇಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಯಲಾಗದಷ್ಟು ಒಳಕ್ಕೆ ಎಳೆದುಕೊಳ್ಳುತ್ತಿದ್ದರೂ ಈ ಕಡೆಯೇ ದೋಷ. ಸಡಿಲವಾದ ಆಯಿಲ್ ಮುಚ್ಚಳ, ಸರಿ ಕೂರದ ಡಿಪ್‌ಸ್ಟಿಕ್ ಕೂಡ ಕೆಲವು ಇಂಜಿನ್‌ಗಳಲ್ಲಿ ಐಡ್ಲಿಂಗ್ ಕೆಡಿಸುತ್ತವೆ.

ಪರ್ಜ್ ವಾಲ್ವ್: ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಇಂಜಿನ್‌ಗೆ ಬಿಡುವ ಚಿಕ್ಕ ಎಲೆಕ್ಟ್ರಿಕ್ ವಾಲ್ವ್ ಇದು. ಟ್ಯಾಂಕ್ ಫುಲ್ ಮಾಡಿಸಿದ ಮೇಲೆ ಸ್ಟಾರ್ಟ್ ಆಗಲು ಕಷ್ಟ, ನಡುಕ ಅನ್ನುವ ದೂರಿದ್ದರೆ ಇದನ್ನೇ ನೋಡಿ. ಈಗಷ್ಟೇ ಸ್ಟಾರ್ಟ್ ಮಾಡಿದ ತಣ್ಣನೆ ಇಂಜಿನ್‌ನಲ್ಲಿ ಕ್ಯಾನಿಸ್ಟರ್ (ಆ ಆವಿ ಹಿಡಿದಿಡುವ ಡಬ್ಬಿ) ಕಡೆಯಿಂದ ಬರುವ ಪೈಪ್ ಬಿಚ್ಚಿ ವಾಲ್ವ್ ಬಾಯಿಗೆ ಬೆರಳಿಡಿ. ಎಳೆತ ಇರಬಾರದು. ಇದ್ದರೆ ವಾಲ್ವ್ ತೆರೆದೇ ನಿಂತಿದೆ.

ಸಿಎನ್‌ಜಿ ಹಾಕಿಸಿದ ಗಾಡಿ

ಹೊರಗೆ ಸಿಎನ್‌ಜಿ ಕಿಟ್ ಹಾಕಿಸಿದ ಕಾರುಗಳಲ್ಲಿ ನಾನು ಮೊದಲು ಕಣ್ಣು ಹಾಯಿಸುವುದೇ ಇಲ್ಲಿ. ಸೀಕ್ವೆನ್ಷಿಯಲ್ ಕಿಟ್, ಅಂದರೆ ಪ್ರತಿ ಸಿಲಿಂಡರ್‌ಗೂ ಬೇರೆಬೇರೆಯಾಗಿ ಗ್ಯಾಸ್ ಕೊಡುವ ಕಿಟ್ ಕೂರಿಸುವಾಗ ಮ್ಯಾನಿಫೋಲ್ಡ್‌ನ ಪ್ರತಿ ಸಿಲಿಂಡರ್ ದಾರಿಗೂ ತೂತು ಕೊರೆದು ನಾಝಲ್ ಸಿಕ್ಕಿಸುತ್ತಾರೆ. ಒತ್ತಡದ ಸಿಗ್ನಲ್‌ಗೆ ಅಂತ ಇರುವ ಪೈಪ್ ಕತ್ತರಿಸಿ ಟಿ ಜೋಡಿಸುತ್ತಾರೆ. ಅಂದರೆ ನಾಲ್ಕು ಸಿಲಿಂಡರ್ ಗಾಡಿಯಲ್ಲಿ ಕಂಪನಿ ಕೊಡದೆ ಇದ್ದ ನಾಲ್ಕೈದು ಹೊಸ ಜೋಡಣೆ. ನಾಝಲ್ ಸಡಿಲವಾದರೆ, ಗ್ಯಾಸ್ ಹಂಚುವ ರೈಲ್‌ನಿಂದ ಬರುವ ಚಿಕ್ಕ ಪೈಪ್ ಬಿರಿದರೆ, ಪೆಟ್ರೋಲ್‌ನಲ್ಲಿ ಓಡಿಸುವಾಗಲೂ ಆ ಒಂದು ಸಿಲಿಂಡರ್‌ಗೆ ಮಾತ್ರ ಹೆಚ್ಚು ಗಾಳಿ ಹೋಗುತ್ತದೆ. ಆಗ ಪಿ0302, ಪಿ0303 ಥರ ಒಂದೇ ಸಿಲಿಂಡರ್‌ನ ಕೋಡ್ ಬರುತ್ತದೆ. ಎಲ್ಲರೂ ಕಾಯಿಲ್ ಬದಲಿಸಿ ನೋಡುತ್ತಾರೆ.

ಪೆಟ್ರೋಲ್‌ನಲ್ಲಿ ಚೆನ್ನಾಗಿದ್ದು ಗ್ಯಾಸ್‌ನಲ್ಲಿ ಮಾತ್ರ ನಡುಗಿದರೆ ತೊಂದರೆ ಕಿಟ್‌ನ ಟ್ಯೂನಿಂಗ್ ಅಥವಾ ಗ್ಯಾಸ್ ಇಂಜೆಕ್ಟರ್‌ನದು. ಎರಡರಲ್ಲೂ ನಡುಗಿದರೆ ನಾಝಲ್‌ಗಳನ್ನು ಅನುಮಾನಿಸಿ. ಗ್ಯಾಸ್ ಪೈಪ್ ಬಿಚ್ಚುವ ಕೆಲಸ ಮಾತ್ರ ನೀವು ಮಾಡಬೇಡಿ. ಅದನ್ನು ಸಿಎನ್‌ಜಿ ಕೆಲಸ ಬಲ್ಲವರಿಗೇ ಬಿಡಿ.

ಹಂತ 4: ಸ್ಪ್ರೇ ಮತ್ತು ಹೊಗೆ

ಕಾರ್ಬ್ ಕ್ಲೀನರ್ ಸಿಂಪಡಿಸಿ ಲೀಕ್ ಹುಡುಕುವುದು ಗ್ಯಾರೇಜಿನ ಹಳೆಯ ರೂಢಿ. ತೂತಿನ ಬಳಿ ಬಿದ್ದರೆ ಇಂಜಿನ್ ಅದನ್ನು ಎಳೆದುಕೊಂಡು ಆರ್‌ಪಿಎಂ ಬದಲಾಗುತ್ತದೆ. ಆದರೆ ಅದು ಥಟ್ಟನೆ ಹೊತ್ತಿಕೊಳ್ಳುವ ವಸ್ತು, ಪಕ್ಕದಲ್ಲೇ ಸುಡುವ ಎಕ್ಸಾಸ್ಟ್ ಇರುತ್ತದೆ. ಮನೆಯಲ್ಲಿ ಇದನ್ನು ಮಾಡಬೇಡಿ ಅಂತಲೇ ನನ್ನ ಸಲಹೆ. ಬದಲಿಗೆ ಸ್ಪ್ರೇ ಬಾಟಲಿಯಲ್ಲಿ ನೀರು ತುಂಬಿ, ಸಣ್ಣ ಮಂಜಿನ ಹಾಗೆ, ಮ್ಯಾನಿಫೋಲ್ಡ್ ಗ್ಯಾಸ್ಕೆಟ್‌ನ ಅಂಚು ಮತ್ತು ಇಂಜೆಕ್ಟರ್ ಬುಡಗಳ ಸುತ್ತ ಸ್ವಲ್ಪ ಸ್ವಲ್ಪವೇ ಸಿಂಪಡಿಸಿ. ನೀರು ತೂತನ್ನು ಒಂದು ಕ್ಷಣ ಮುಚ್ಚುತ್ತದೆ, ಇಂಜಿನ್ ಸದ್ದು ಬದಲಾಗುತ್ತದೆ. ಕಾಯಿಲ್, ಕನೆಕ್ಟರ್, ಆಲ್ಟರ್ನೇಟರ್ ಮೇಲೆ ನೀರು ಬೀಳದಿರಲಿ.

ಇಷ್ಟಕ್ಕೂ ಸಿಗದಿದ್ದರೆ ಹೊಗೆ ಪರೀಕ್ಷೆ. ಇದಕ್ಕೆ ದುಡ್ಡು ಕೊಡುವುದು ಸಾರ್ಥಕ. ಇಂಜಿನ್ ಆಫ್ ಮಾಡಿ, ಏರ್ ಫಿಲ್ಟರ್ ಕಡೆಯ ದಾರಿ ಮುಚ್ಚಿ, ಬ್ರೇಕ್ ಬೂಸ್ಟರ್ ಪೈಪ್‌ನಂಥ ಒಂದು ಜಾಗದಿಂದ ಮ್ಯಾನಿಫೋಲ್ಡ್‌ಗೆ ಹೊಗೆ ತುಂಬಿಸುತ್ತಾರೆ. ಒತ್ತಡ 1 ಪಿಎಸ್‌ಐ ಒಳಗೇ ಇರಬೇಕು, ಜಾಸ್ತಿ ಕೊಟ್ಟರೆ ಒಳ್ಳೆಯ ಸೀಲ್‌ಗಳೂ ಹಾಳು. ಟಾರ್ಚ್ ಬೆಳಕಿನಲ್ಲಿ ಹೊಗೆ ಎಲ್ಲಿಂದ ಎದ್ದಿತು ಅಂತ ನೀವೇ ನಿಂತು ನೋಡಿ. ಸೈಲೆನ್ಸರ್‌ನಿಂದ ಸ್ವಲ್ಪ ಹೊಗೆ ಬಂದರೆ ಅದು ಲೀಕ್ ಅಲ್ಲ, ಯಾವುದೋ ಸಿಲಿಂಡರ್‌ನ ವಾಲ್ವ್‌ಗಳು ತೆರೆದಿರುತ್ತವೆ ಅಷ್ಟೆ. ಊರಿನಲ್ಲಿ ಯಾರ ಬಳಿ ಈ ಮಷಿನ್ ಇದೆ ಅಂತ ಮೊದಲೇ ವಿಚಾರಿಸಿ ಇಟ್ಟುಕೊಳ್ಳಿ.

ಲೀಕ್ ಇಲ್ಲವೇ ಇಲ್ಲ ಅಂದಾಗ

ಇಂಜಿನ್ ಓಡುತ್ತಿರುವಾಗ ಒಂದೊಂದೇ ಇಂಜೆಕ್ಟರ್‌ನ ಕನೆಕ್ಟರ್ ಬಿಚ್ಚಿ ತಕ್ಷಣ ಹಾಕಿ. ಒಳ್ಳೆಯ ಸಿಲಿಂಡರ್ ಆದರೆ ನಡುಕ ಹೆಚ್ಚುತ್ತದೆ. ಯಾವುದನ್ನು ಬಿಚ್ಚಿದರೂ ವ್ಯತ್ಯಾಸವೇ ಆಗುವುದಿಲ್ಲವೋ ಅದು ಕೆಲಸ ಮಾಡುತ್ತಿಲ್ಲ. ಕಾಯಿಲ್ ಬಿಚ್ಚಿ ಈ ಪರೀಕ್ಷೆ ಮಾಡಬೇಡಿ, ಉರಿಯದ ಪೆಟ್ರೋಲ್ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗಬಹುದು. ಕೆಲಸ ಮಾಡದ ಸಿಲಿಂಡರ್‌ನ ಕಾಯಿಲನ್ನು, ಇಂಜಿನ್ ಆಫ್ ಮಾಡಿ, ಪಕ್ಕದ ಸಿಲಿಂಡರ್‌ಗೆ ಹಾಕಿ ನೋಡಿ. ತೊಂದರೆಯೂ ಜೊತೆಗೆ ಹೋದರೆ ಕಾಯಿಲ್. ಹೋಗದಿದ್ದರೆ ಪ್ಲಗ್, ಇಂಜೆಕ್ಟರ್, ಕೊನೆಗೆ ಕಂಪ್ರೆಷನ್.

ರಿಪೇರಿ ಮತ್ತು ಅದಾದ ಮೇಲೆ

ಸೀಳಿದ ಪೈಪಿಗೆ ಇನ್ಸುಲೇಷನ್ ಟೇಪ್, ಎಂ-ಸೀಲ್ ಸುತ್ತುವುದು ಮನೆ ತಲುಪುವ ಮಟ್ಟಿಗೆ ಮಾತ್ರ. ಅದೇ ಅಳತೆಯ, ಪೆಟ್ರೋಲ್ ಆವಿ ಮತ್ತು ಬಿಸಿ ತಡೆಯುವ ಪೈಪ್ ಹಾಕಿಸಿ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಬದಲಿಸಿದರೆ ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ, ಸ್ವಲ್ಪ ಸ್ವಲ್ಪವೇ, ಟಾರ್ಕ್ ವ್ರೆಂಚ್‌ನಲ್ಲಿ ಬಿಗಿಸಬೇಕು. ಈಗಿನ ಮ್ಯಾನಿಫೋಲ್ಡ್‌ಗಳು ಹೆಚ್ಚಾಗಿ ಪ್ಲಾಸ್ಟಿಕ್. ಸುಮ್ನೆ ಬಲ ಹಾಕಿದರೆ ಬಿರುಕು ಬಿಟ್ಟು ಹೊಸ ಲೀಕ್ ಹುಟ್ಟುತ್ತದೆ. ರಬ್ಬರ್ ಗ್ಯಾಸ್ಕೆಟ್ ಮೇಲೆ ಸಿಲಿಕಾನ್ ಮೆತ್ತಲು ಬಿಡಬೇಡಿ. ಕೆಲವು ಬಗೆಯ ಸಿಲಿಕಾನ್‌ನ ಆವಿ ಆಕ್ಸಿಜನ್ ಸೆನ್ಸರನ್ನೇ ಹಾಳು ಮಾಡುತ್ತದೆ.

ಕೆಲಸ ಮುಗಿದ ಮೇಲೆ ಈಗ ಕೋಡ್ ಅಳಿಸಿ. ಇಸಿಯು ಹಳೇ ಲೀಕ್‌ಗೆ ಹೊಂದಿಕೊಂಡಿರುತ್ತದೆ. ಹಾಗಾಗಿ ಮೊದಲ ಸ್ವಲ್ಪ ಹೊತ್ತು ಐಡ್ಲಿಂಗ್ ವಿಚಿತ್ರವಾಗಿದ್ದರೆ ಹೆದರಬೇಡಿ. ಎಲೆಕ್ಟ್ರಾನಿಕ್ ಥ್ರಾಟಲ್ ಇರುವ ಕೆಲವು ಕಾರುಗಳಿಗೆ ಸ್ಕ್ಯಾನರ್‌ನಿಂದ ಐಡಲ್ ಲರ್ನಿಂಗ್, ಅಂದರೆ ಇಸಿಯುಗೆ ಐಡ್ಲಿಂಗನ್ನು ಹೊಸದಾಗಿ ಕಲಿಸುವ ಕೆಲಸ, ಮಾಡಿಸಬೇಕಾಗುತ್ತದೆ. ಸಿಟಿಯೊಳಗೂ ಹೈವೇನಲ್ಲೂ ಸ್ವಲ್ಪ ಓಡಿಸಿ, ಮೊದಲು ಬರೆದಿಟ್ಟ ಅಂಕಿಗಳನ್ನೇ ಮತ್ತೆ ಅಳೆಯಿರಿ: ಐಡ್ಲಿಂಗ್‌ನ ಟ್ರಿಮ್, 2500ರ ಟ್ರಿಮ್, ಮ್ಯಾನಿಫೋಲ್ಡ್ ಒತ್ತಡ. ನಡುಕ ಹೋಗಿದ್ದರೂ ಟ್ರಿಮ್ ಇನ್ನೂ ಪ್ಲಸ್ 12, 13 ಇದ್ದರೆ ಎರಡನೇ ತೂತು ಇದೆ. ಒಂದೇ ವಯಸ್ಸಿನ ರಬ್ಬರ್‌ಗಳು ಒಟ್ಟೊಟ್ಟಿಗೇ ಹೋಗುವುದುಂಟು, ಮತ್ತೆ ಮೂರನೇ ಹಂತಕ್ಕೆ ಹೋಗಿ.